ಒಳಗಿನಿಂದ ಬಂದ ಬಡಿತ

ಇದು ನಡೆದದ್ದು ಹಾಡಹಗಲಲ್ಲಿ. ನಾನು ಕುಡಿದೂ ಇರಲಿಲ್ಲ.

ನಮ್ಮ ಭಾವ, ಅಕ್ಕನ ಗಂಡ, ಸಮುದ್ರದಲ್ಲಿ ಕಾಣೆಯಾದಾಗ ಅವರ ಹಾಯಿದೋಣಿ ಮಾತ್ರ ಬರಿದಾಗಿ ದಡ ಸೇರಿತ್ತು. ವರ್ಷಗಟ್ಟಲೆ ಅದು ಅಕ್ಕನ ಹಿತ್ತಲ ಶೆಡ್ಡಿನಲ್ಲಿ ಒಣಗಿತು. “ಇದನ್ನ ಮತ್ತೆ ನೀರಿಗಿಳಿಸಿಕೊಡೋ” ಎಂದು ಅಕ್ಕ ದುಂಬಾಲು ಬಿದ್ದಳು; ನಾನೇ ರಿಪೇರಿಗೆ ಕೂತೆ.

ಆ ಮಧ್ಯಾಹ್ನ ದೋಣಿಯ ಹೊರಗೆ ನಿಂತು ನೀರು ಒಸರದಂತೆ ಹಲಗೆಗಳ ಸಂದಿಗೆ ಹತ್ತಿಯ ಹುರಿ ಬಡಿದು ತುಂಬುತ್ತಿದ್ದೆ. ಸುತ್ತಿಗೆ ನಿಲ್ಲಿಸಿದಾಗಲೆಲ್ಲ ಒಳಗಿನಿಂದ ಯಾರೋ ಮೆಲ್ಲಗೆ ತಟ್ಟುತ್ತಿದ್ದರು. ತಟ್ಟಿದಲ್ಲಿ ಮುಟ್ಟಿ ನೋಡಿದರೆ ಅಲ್ಲೊಂದು ಸಂದಿ ತುಂಬದೆ ಬಿಟ್ಟುಹೋಗಿರುತ್ತಿತ್ತು. ಅಕ್ಕನೇ ದೋಣಿಯೊಳಗೆ ಕೂತು ತೋರಿಸುತ್ತಿದ್ದಾಳೆ ಎಂದುಕೊಂಡು, “ಅಕ್ಕಾ, ಸಾಕು, ಇಳಿದು ಬಾ” ಎಂದೆ.

“ಯಾರನ್ನ ಕರೀತಿದ್ದೀಯೋ?” ಅಕ್ಕ ಚಹಾ ಹಿಡಿದು ನನ್ನ ಬೆನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದಳು.

ಏಣಿ ಹತ್ತಿ ಇಣುಕಿದೆ. ಒಳಗೆ ಯಾರೂ ಇರಲಿಲ್ಲ. ಬಿಸಿಲಿಗೆ ಕಾದ ಶೆಡ್ಡಿನಲ್ಲಿ ಆ ತಟ್ಟಿದ ಹಲಗೆಗಳಷ್ಟೇ ಒದ್ದೆಯಾಗಿ ತಣ್ಣಗೆ ಕೊರೆಯುತ್ತಿದ್ದವು. ಅಕ್ಕನೂ ಹತ್ತಿ ಬಂದು, ಹಲಗೆಗೆ ಅಂಗೈ ಒತ್ತಿದಳು.

“ನಿಲ್ಲಿಸ್ಬೇಡ ಕಣೋ, ಮುಗಿಸ್ಬಿಡು.”

ಸುತ್ತಿಗೆ ಎತ್ತಿಕೊಂಡು ಮುಗಿಸಿದೆ. ಈಗ ಅವಳೊಬ್ಬಳೇ ಅದರಲ್ಲಿ ಸಮುದ್ರಕ್ಕೆ ಹೋಗುತ್ತಾಳೆ. ನಾನು ದಡದಿಂದ ನೋಡುತ್ತೇನೆ. ಗಾಳಿಯೇ ಇಲ್ಲದ ದಿನವೂ ದೋಣಿ ಅವಳು ಕೂತ ಬದಿಗೆ ವಾಲುವುದಿಲ್ಲ, ಖಾಲಿ ಇರುವ ಎದುರು ಬದಿಗೆ ವಾಲಿರುತ್ತದೆ.