ಸೌತೆಕಾಯಿ ಕುದುರೆಯ ಗಿಡ್ಡ ಕಾಲು

"ಇದೇನೇ ಮಿನೋರಿ? ಕುದುರೆ ಮಾಡು ಅಂದ್ರೆ ಹಲ್ಲಿ ಮಾಡಿದ್ದೀಯಲ್ಲ!"

ಅಜ್ಜಿ ಸೌತೆಕಾಯಿಯನ್ನು ಕಣ್ಣಿನ ಹತ್ತಿರ ಹಿಡಿದರು. ಕಡ್ಡಿಯ ನಾಲ್ಕು ಕಾಲುಗಳೂ ಗಿಡ್ಡ, ಓರೆ. ಮೂತಿಯ ಕೆಳಗೆ ಕ್ಯಾರೆಟ್ಟಿನ ಬಿಲ್ಲೆಯೊಂದು ಮುಂದಕ್ಕೆ ಚಾಚಿಕೊಂಡಿತ್ತು.

"ಹಲ್ಲಿ ಅಲ್ಲಜ್ಜಿ, ಅಜ್ಜನ ಕಾರಿನ ಸ್ಟೈಲು! ಫುಲ್ ಡೌನ್. ಚಕ್ರನೂ ಓರೆ ಇದೆ, ನೋಡು. ಇದು ಬಂಪರ್."

ಅಂದು ಒಬೋನ್ ಹಬ್ಬ, ತೀರಿಕೊಂಡವರು ಮನೆಗೆ ಬರುವ ದಿನ. ಅವರು ಸೌತೆಕಾಯಿ ಕುದುರೆಯ ಮೇಲೆ ಬೇಗ ಬರುತ್ತಾರೆ, ಬದನೆಕಾಯಿ ಹಸುವಿನ ಮೇಲೆ ನಿಧಾನವಾಗಿ ಹಿಂದಿರುಗುತ್ತಾರೆ. ತೊಯೊಜೊ ಅಜ್ಜ ಹೋದ ಮೇಲೆ ಇದೇ ಮೊದಲ ಒಬೋನ್.

ಅಜ್ಜನ ಬಿಳಿ ಕಾರು ಇನ್ನೂ ಶೆಡ್ಡಿನಲ್ಲಿತ್ತು. ಅದನ್ನು ಅವರು ಎಷ್ಟು ತಗ್ಗಿಸಿದ್ದರೆಂದರೆ, ಅಂಗಡಿಯ ಮುಂದಿನ ಗೇಣುದ್ದದ ಏರಿಗೂ ಮಿನೋರಿ ಇಳಿದು ಚಕ್ರಗಳ ಮುಂದೆ ಎರಡು ಹಲಗೆ ಇಡಬೇಕಿತ್ತು. ಹಿಂದಿನವರು ಹಾರ್ನ್ ಬಾರಿಸಿದರೆ ಅಜ್ಜ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಿದ್ದರು.

"ಕ್ಷಮಿಸಿ, ಕ್ಷಮಿಸಿ! ನಮ್ಮನ್ನ ಹೋದ ವಾರ ಆಮೆಯೊಂದು ಓವರ್‌ಟೇಕ್ ಮಾಡ್ತು, ಸ್ವಾಮಿ!"

ಮಿನೋರಿ ಕುದುರೆಯನ್ನು ಗೇಟಿನ ಬಳಿ ಒಯ್ದು ಓಡಿಸಿ ನೋಡಿದಳು. ಕಲ್ಲಿನ ಹೊಸ್ತಿಲಿಗೆ ಹೊಟ್ಟೆ ಸಿಕ್ಕಿಕೊಂಡಿತು. ಬಂಪರ್ ಪಟ್ಟೆಂದು ಮುರಿಯಿತು.



"ಅಜ್ಜೀ! ಇದು ಹೊಸ್ತಿಲೇ ದಾಟಲ್ಲ! ಅಜ್ಜ ರಸ್ತೆಯಲ್ಲೇ ಉಳಿದುಬಿಟ್ರೆ?"

"ಬೇರೆ ಸೌತೆಕಾಯಿ ತಗೋ."

"ಒಂದೂ ಉಳಿದಿಲ್ಲ. ಕಾಲು ಸ್ಟೈಲಾಗಿ ಬರಲಿಲ್ಲ ಅಂತ ಮೂರು ಹಾಳು ಮಾಡಿದೆ. ಹಾಳು ಮಾಡಿದ್ದನ್ನೆಲ್ಲ ತಿಂದೆ." ಅವಳು ಮೂಗೊರೆಸಿಕೊಂಡಳು. "ನಾನೊಬ್ಬಳು ದೊಡ್ಡ ಡಿಸೈನರ್!"

ಅಜ್ಜಿಗೆ ನಗು ತಡೆಯಲಾಗಲಿಲ್ಲ.

"ಅಳಬೇಡ್ವೇ ಹುಚ್ಚಿ. ಹಲಗೆ ಇಟ್ಟರೂ ನಿಮ್ಮಜ್ಜ ಒಂದು ದಿನವಾದರೂ ಈ ಹೊಸ್ತಿಲನ್ನ ಕಾರಿನ ಹೊಟ್ಟೆ ಕೆರೆಸದೆ ದಾಟಿದ್ದುಂಟಾ? ಗರ್ರ್ ಅಂತ ಕೇಳಿಸಿದ ಮೇಲೇ ನಾನು ಅನ್ನ ಬಡಿಸ್ತಿದ್ದೆ. ಬಿಸಿಯಾಗಿರಲಿ ಅಂತ."

ಆಮೇಲೆ ಬದನೆಕಾಯಿಯನ್ನು ಮಿನೋರಿಯ ಕೈಗಿಟ್ಟರು.

"ಈ ಹಸೂನೂ ತಗ್ಗಿಸಿಬಿಡೇ. ಹೋಗೋವಾಗ ಸಿಕ್ಕಿಕೊಂಡರೆ ಸಿಕ್ಕಿಕೊಳ್ಳಲಿ."

ಮಿನೋರಿ ನಗಲೆಂದು ತಲೆಯೆತ್ತಿದಳು. ಅಜ್ಜಿ ನಗುತ್ತಿರಲಿಲ್ಲ. ಅವಳು ಕೂತು ಹಸುವಿನ ಕಾಲುಗಳನ್ನು ಆದಷ್ಟೂ ಗಿಡ್ಡ ಮಾಡಿದಳು.

ಸಂಜೆ ಅಜ್ಜಿ, ಬರುವವರಿಗೆ ದಾರಿ ಕಾಣಲೆಂದು, ಗೇಟಿನ ಮುಂದೆ ಸೆಣಬಿನ ಕಡ್ಡಿಗಳಿಗೆ ಬೆಂಕಿ ಹಚ್ಚಿ ಕೈಮುಗಿದು, ಒಳಗೆ ಹೋದರು.

ಮಿನೋರಿ ಕಾರಿನ ಡಿಕ್ಕಿಯಿಂದ ಹಲಗೆಗಳನ್ನು ತಂದು ಹೊಸ್ತಿಲಿಗೆ ಒರಗಿಸಿದಳು. ಎಂದಿನ ಜಾಗದಲ್ಲಿ ನಿಂತು ಕೈಬೀಸಿದಳು.

"ಬನ್ನಿ, ಬನ್ನಿ... ಸ್ವಲ್ಪ ಎಡಕ್ಕೆ... ನಿಧಾನ, ಅಜ್ಜ. ಹಿಂದೆ ಯಾರೂ ಇಲ್ಲ."

ಹೊಗೆ ಗೇಟು ದಾಟಿ ಒಳಗೆ ಹೋಯಿತು. ಹಿಂದಿನ ಚಕ್ರಗಳೂ ದಾಟುವಷ್ಟು ಹೊತ್ತು ಅವಳು ಕಾದಳು. ಆಮೇಲೆ ಹಲಗೆಯನ್ನು ಎತ್ತದೆ, ಕಲ್ಲಿನ ಮೇಲೆ ಬೇಕೆಂದೇ ಎಳೆದಳು.

ಗರ್ರ್.

ಅಡುಗೆಮನೆಯಲ್ಲಿ ಅನ್ನದ ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು.