ತೌಡಿನ ಲಾರಿ ಮತ್ತು ಚೆನ್ನಪ್ಪನ ಅಂಗಾಲು

೧೯೫೨ನೆಯ ಇಸವಿ ಜುಲೈ ಎಂಟು, ಬೆಳಿಗ್ಗೆ ಏಳೂವರೆ. ಮಂಜೇಶ್ವರ ಪೊಲೀಸ್ ಠಾಣೆಗೆ ಬಂದ ಲಾರಿ ಚಾಲಕ ಭುಜಂಗ ತನ್ನ ಮೇಲೆ ತಾನೇ ದೂರು ಕೊಟ್ಟ. ಉಪ್ಪಳದ ತಿರುವಿನಲ್ಲಿ ನಡೆದು ಬರುತ್ತಿದ್ದ ನೆರೆಮನೆಯ ಚೆನ್ನಪ್ಪನಿಗೆ ತನ್ನ ಲಾರಿ ಬಡಿಯಿತು, ಅವನು ಅಲ್ಲೇ ಸತ್ತ, ತಪ್ಪು ಪೂರ್ತಿ ತನ್ನದು.

ಸಬ್ ಇನ್ಸ್‌ಪೆಕ್ಟರ್ ಈಶ್ವರಪ್ರಸಾದ ಎಫ್‌ಐಆರ್ ಬರೆಸಿದರು. 'ಅವನೇ ಅಡ್ಡ ಬಂದ' ಎನ್ನದ ಚಾಲಕನನ್ನು ತಮ್ಮ ನೌಕರಿಯಲ್ಲಿ ಅವರು ನೋಡಿದ್ದು ಅದೇ ಮೊದಲು. ಅಷ್ಟಕ್ಕೇ ಅವರಿಗೆ ಕಿರಿಕಿರಿ ಶುರುವಾಯಿತು.

ಸ್ಥಳದಲ್ಲಿ ಪಂಚರ ಎದುರು ಮಹಜರು ನಡೆಯಿತು. ತೊಕ್ಕೊಟ್ಟಿನ ಗಿರಣಿಯಿಂದ ಹೊರಟ ತೌಡಿನ ಮೂಟೆಗಳ ಲಾರಿ ಒಂದು ಬದಿಗೆ ವಾಲಿ ನಿಂತಿತ್ತು. ಹಿಂದಿನ ಚಕ್ರ ಚರಂಡಿಯಲ್ಲಿ. ಹೆಣದ ತಲೆಗೆ ಪೆಟ್ಟಾಗಿತ್ತು. ಮೈಮೇಲೆ ಚಕ್ರದ ಗುರುತಿರಲಿಲ್ಲ. ಮಳೆ ನಸುಕಿನಲ್ಲೇ ನಿಂತಿದ್ದರೂ ರಸ್ತೆಯೆಲ್ಲ ಕೆಂಪು ಕೆಸರು.

"ಎಲ್ಲಿಂದ ನಡೆದು ಬಂದ ಇವ?" ಈಶ್ವರಪ್ರಸಾದ ಭುಜಂಗನನ್ನು ಕೇಳಿದರು.

"ಕೈಕಂಬದಿಂದ, ಸ್ವಾಮೀ."

"ಬರಿಗಾಲಲ್ಲಿ?"

"ಅವನಿಗೆ ಮೆಟ್ಟು ಎಲ್ಲಿ ಉಂಟು!"

ಈಶ್ವರಪ್ರಸಾದ ಹೆಣದ ಅಂಗಾಲು ನೋಡಿದರು. ಕೆಸರಿಲ್ಲ. ಹಿಮ್ಮಡಿಯ ಬಿರುಕುಗಳಲ್ಲಿ ಮಾಸಲು ಬಣ್ಣದ ಹುಡಿ. ಉಟ್ಟ ಮುಂಡಿನ ಹಿಂಬದಿಯಲ್ಲೂ ಅದೇ. ಅವರು ಬೂಟು ಕಳಚಿ, ಕೈಕಂಬಕ್ಕೆ ಹೋಗಿ, ಅಲ್ಲಿಂದ ಬರಿಗಾಲಲ್ಲಿ ನಡೆದು ಬಂದರು.

ಕಾನ್‌ಸ್ಟೇಬಲ್ ಗುಣಪಾಲ ಸುತ್ತ ನೋಡಿ ಪಿಸುಗುಟ್ಟಿದ. "ಸಾರ್, ಎಂತ ಇದು? ಎಸ್‌ಐಗೆ ಹರಕೆ ಉಂಟಾ ಅಂತ ಜನ ಕೇಳ್ತಾರೆ."

"ಕೇಳಲಿ ಮಾರಾಯ. ನೀರು ಹೊಯ್ಯಿ."

ಎರಡು ಚೆಂಬು ಹೊಯ್ದರೂ ಹಿಮ್ಮಡಿಯ ಬಿರುಕಿನ ಕೆಂಪು ಹೋಗಲಿಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ್ದ ಈಶ್ವರಪ್ರಸಾದ ಡಾಕ್ಟರರಿಂದ ಟಿಂಚರ್ ಅಯೊಡಿನ್ ತರಿಸಿ, ಹೆಣದ ಕಾಲಿನಿಂದ ತೆಗೆದ ಹುಡಿಯ ಮೇಲೆ ಒಂದು ತೊಟ್ಟು ಬಿಟ್ಟರು. ಹುಡಿ ನೀಲಿಗಪ್ಪಾಯಿತು. ಪಿಷ್ಟ, ಅಂದರೆ ಲಾರಿಯ ತೌಡು. ಚೆನ್ನಪ್ಪ ರಸ್ತೆಯಲ್ಲಿ ನಡೆದವನಲ್ಲ, ಮೂಟೆಗಳ ಮೇಲೆ ಕುಳಿತು ಬಂದವನು. ಲಾರಿ ವಾಲಿದಾಗ ಮೇಲಿನಿಂದ ಬಿದ್ದಿದ್ದಾನೆ.

ಆದರೆ ಭುಜಂಗ ಸುಳ್ಳು ಹೇಳಿದ್ದು ಯಾಕೆ? ಹೇಗೆ ಸತ್ತರೂ ಅಜಾಗರೂಕ ಚಾಲನೆಯ ಕೇಸು ಅವನಿಗೆ ತಪ್ಪುತ್ತಿರಲಿಲ್ಲ. ಲಾಭವಿಲ್ಲದ ಸುಳ್ಳು ಅವರನ್ನು ರಾತ್ರಿಯಿಡೀ ಕೊರೆಯಿತು.

ಮರುದಿನ ರೈಲಿನಲ್ಲಿ ವಿಮಾ ಕಂಪೆನಿಯ ತಿರುಮಲೇಶ್ವರ ಬಂದರು.

"ಪ್ರೀಮಿಯಂ ಬಾಕಿ ಉಂಟಾ?" ಈಶ್ವರಪ್ರಸಾದ ಕೇಳಿದರು.

"ಇಲ್ಲ. ಪಾಲಿಸಿ ಸರಿಯಾಗಿ ಉಂಟು. ಲಾರಿ ಬಡಿದು ದಾರಿಹೋಕ ಸತ್ತರೆ ಅವನ ಮನೆಯವರಿಗೆ ನಾವು ಪರಿಹಾರ ಕೊಡಬೇಕು."

"ಮೂಟೆಯ ಮೇಲೆ ಕೂತು ಬರುವವ ಬಿದ್ದು ಸತ್ತರೆ?"

"ಅದು ಸರಕಿನ ಲಾರಿಯಲ್ಲವಾ? ಪುಕ್ಕಟೆ ಹತ್ತಿದವನಿಗೆ ವಿಮೆ ಇಲ್ಲ. ಪ್ರೀಮಿಯಂ ಕಟ್ಟಿಸಿಕೊಂಡದ್ದು ರಸ್ತೆಯಲ್ಲಿರುವವರ ಸಲುವಾಗಿ."

"ಹಾಗಾದರೆ ಲಾರಿಯ ಎದುರು ಬಿದ್ದರೆ ಮನುಷ್ಯ, ಮೇಲೆ ಕೂತರೆ ಅವನೂ ಒಂದು ಮೂಟೆ!"

"ನನಗೆ ಬೈದರೆ ಎಂತ ಪ್ರಯೋಜನ? ಷರತ್ತು ನಾನು ಬರೆದದ್ದಲ್ಲ."

ಉತ್ತರ ಸಿಕ್ಕಿತ್ತು. ಸಿಗದಿದ್ದರೇ ಚೆನ್ನಾಗಿತ್ತು ಎಂದು ಈಶ್ವರಪ್ರಸಾದರಿಗೆ ಅನಿಸಿತು. ತಾವು ಆ ಬರಿಗಾಲ ನಡಿಗೆ ಹೋಗದೆ ಇದ್ದಿದ್ದರೆ ಚೆನ್ನಪ್ಪನ ಹೆಂಡತಿ ರಾಜೀವಿಗೆ, ಎರಡು ಮಕ್ಕಳಿಗೆ ಪರಿಹಾರ ಬರುತ್ತಿತ್ತು.

ಗುಣಪಾಲ ಬಾಗಿಲಲ್ಲಿ ನಿಂತು ಕೆಮ್ಮಿದ. "ಸಾರ್, ಅಯೊಡಿನ್ ಹಾಕಿದ್ದನ್ನು ನೋಡಿದವರು ನಾವಿಬ್ಬರೇ."

"ಇಬ್ಬರು ಸಾಲದಾ? ಹೋಗಿ ಭುಜಂಗನನ್ನು ಕರೆ!" ಅವರ ದನಿ ಬೇಕಿದ್ದಕ್ಕಿಂತ ಜೋರಾಗಿತ್ತು.

ಭುಜಂಗ ಬಂದು ಕೈಕಟ್ಟಿ ನಿಂತ.

"ಚೆನ್ನಪ್ಪ ಲಾರಿ ಹತ್ತಿದ್ದು ಎಲ್ಲಿ?"

"ನಡೆದು ಬರ್ತಿದ್ದ, ಸ್ವಾಮೀ."

"ಕಾಲಿಗೆ ಕೆಸರು ತಾಗದೆ ನಡೆದನಾ? ಅವನ ಹಿಮ್ಮಡಿಯಲ್ಲಿ ನಿನ್ನ ಲಾರಿಯ ತೌಡು ಉಂಟು."

ಭುಜಂಗ ಗೋಡೆ ನೋಡಿದ. "ತೊಕ್ಕೊಟ್ಟಿನಲ್ಲಿ."

"ಯಾಕೆ ಮುಚ್ಚಿಟ್ಟೆ?"

"ಹೋದ ವರ್ಷ ಸೌದೆ ಲಾರಿಯಿಂದ ಬಿದ್ದ ಮುದುಕಿಯ ಮನೆಯವರಿಗೆ ಕಂಪೆನಿಯವರು ಒಂದು ಕಾಸು ಕೊಡಲಿಲ್ಲ. ನನಗೆ ಹೇಗೂ ಜೈಲು. ರಾಜೀವಿಗಾದರೂ ಸಿಗಲಿ ಅಂತ."

"ನೆರೆಯವನೆಂಬ ಮಾತ್ರಕ್ಕೆ?"

"ಅವ ಬಸ್ಸಿಗೆ ಕಾಯ್ತಿದ್ದ, ಸ್ವಾಮೀ. ಬಸ್ಸು ಬಂದಿತ್ತು, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದ. 'ದುಡ್ಡು ಯಾಕೆ ದಂಡ ಮಾಡ್ತೀಯ, ಬಾ' ಅಂತ ಕೂಗಿ ಇಳಿಸಿದ್ದು ನಾನು. ಟಿಕೇಟು ತೆಗೆದು ಬಸ್ಸಿನಲ್ಲಿ ಸತ್ತವರಿಗೆ ವಿಮೆ ಉಂಟಂತೆ."

ಈಶ್ವರಪ್ರಸಾದ ಹೇಳಿಕೆಯನ್ನು ಬರೆಸಿ, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿದರು. ಅಜಾಗರೂಕತೆಯಿಂದ ಸಾವು, ಸುಳ್ಳು ಮಾಹಿತಿ. ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು. ಲಾಕಪ್ಪಿನ ಬಾಗಿಲಲ್ಲಿ ಭುಜಂಗ ತಿರುಗಿ ನಿಂತ.

"ಪರಿಹಾರ ಬರ್ತದೆ ಅಂತ ನಿನ್ನೆ ನಾನು ರಾಜೀವಿಗೆ ಹೇಳಿ ಆಗಿದೆ, ಸ್ವಾಮೀ. ಇಲ್ಲ ಅಂತ ಯಾರು ಹೇಳುವುದು?"

ಈಶ್ವರಪ್ರಸಾದ ಮೇಜಿನ ಮೇಲಿದ್ದ ಟೋಪಿಯನ್ನು ತಲೆಗಿಟ್ಟುಕೊಂಡು, ಸೈಕಲ್ ಹೊರಗೆ ತೆಗೆಯಲು ಗುಣಪಾಲನಿಗೆ ಹೇಳಿದರು.