ಕೂಗುಗಿವಿ

ಎರಡು ಸಾವಿರದ ಐವತ್ತೆಂಟರ ಮಾಗಿ. ಹೊತ್ತು ಮಾರುದ್ದ ಏರಿದ್ದರೂ ಮಂಜು ಇನ್ನೂ ಹಳಿ ಬಿಟ್ಟು ಎದ್ದಿರಲಿಲ್ಲ. ಹುಬ್ಬಳ್ಳಿಯಿಂದ ಗದಗಿಗೆ ಹೊರಟ ರೈಲಿನ ಎಂಜಿನ್ನಿನಲ್ಲಿ ಚಾಲಕ ಮಾಬುಸಾಬ ನದಾಫ ಕೂಗಿದ: "ಹಸಿರು!"

ತಲೆಯ ಮೇಲಿದ್ದ ಅಂಗೈಯಗಲದ ಡಬ್ಬಿ ಟಿಣ್ ಎಂದಿತು.

"ಕಾಕಾ, ಹಳದಿ ಐತಿ!" ಎಂದಳು ಸಹಚಾಲಕಿ ರೇಣವ್ವ.

ಮಾಬುಸಾಬ ಬ್ರೇಕು ಎಳೆದ. ಮುಂದಿನ ಕಂಬದಲ್ಲಿ ಕೆಂಪು ಉರಿಯುತ್ತಿತ್ತು. ಅದರಾಚೆ ಒಂದು ಗೂಡ್ಸ್ ಗಾಡಿಯ ಬಾಲ. ರೈಲು ಕಂಬದ ಈಚೆಗೇ ನಿಂತಿತು.

ಸಿಗ್ನಲ್ಲಿನ ಬಣ್ಣವನ್ನು ಇಬ್ಬರೂ ಬಾಯಿಬಿಟ್ಟು ಕೂಗುವುದು ರೈಲಿನವರ ಹಳೆಯ ಪದ್ಧತಿ. ಕಣ್ಣು ಕಂಡಮೇಲೆ ಬಾಯಿ ಕೂಗಬೇಕು. ನಡುವೆ ಎವೆಯಿಕ್ಕುವಷ್ಟು ತಡ ಇದ್ದೇ ಇರುತ್ತದೆ. ಮನಸ್ಸು ಮನೆಯಲ್ಲಿ ಕೂತಿದ್ದರೆ ಆ ತಡ ಇರುವುದಿಲ್ಲ. ದಿನವೂ ಹಸಿರು ಕಂಡ ಜಾಗದಲ್ಲಿ ಬಾಯಿ ತಾನೇ ಹಸಿರು ಎಂದುಬಿಡುತ್ತದೆ. ಕಣ್ಣಿನ ಚಲನೆಯನ್ನೂ ದನಿಯನ್ನೂ ಒಟ್ಟಿಗೆ ಅಳೆದು ಈ ತಪ್ಪನ್ನು ಹಿಡಿಯುವ ಯಂತ್ರವನ್ನು ವಿಜ್ಞಾನಿ ಗಿರಿಜಾ ಹೊಂಬಳ ಮಾಡಿದ್ದಳು. ರೈಲಿನವರು ಅದಕ್ಕೆ ಕೂಗುಗಿವಿ ಎಂದು ಹೆಸರಿಟ್ಟಿದ್ದರು. ಅದರ ಪರೀಕ್ಷೆಗೆಂದು ಅಂದು ಅವಳೂ ಎಂಜಿನ್ನಿನಲ್ಲಿದ್ದಳು.

"ಮುಗೀತು ಬಿಡವ್ವಾ," ಎಂದ ಮಾಬುಸಾಬ. "ನಿನ್ನ ಡಬ್ಬಿ ಸಾಹೇಬರಿಗೆ ಚಾಡಿ ಹೇಳತೈತಿ. ನನ್ನ ಶೆಡ್ಡಿನ್ಯಾಗ ಬೋಲ್ಟ್ ಒರಸಾಕ ಕೂಡಸ್ತಾರ."

"ಸಾಹೇಬರಿಗೆ ಅದು ಬಾಯಿ ಬಿಡಂಗಿಲ್ರೀ. ಮುಂದಿನ ಸ್ಟೇಶನ್ನಿಗೆ ಒಬ್ಬ ಬದಲಿ ಚಾಲಕ ಬರ್ಲಿ ಅಂತಷ್ಟ ಕೇಳತೈತಿ. ಮನ್ಯಾಗ ಏನಾಗೇತ್ರೀ?" ಎಂದಳು ಗಿರಿಜಾ.

ಅವನು ಕಂಬದ ಕೆಂಪನ್ನೇ ನೋಡಿದ.

"ಹೇಳ ಕಾಕಾ. ಹಿಂದ ಬೋಗಿಗಳಾಗ ಸಾವಿರ ಮಂದಿ ಕುಂತಾರ," ಎಂದಳು ರೇಣವ್ವ.

"ನಮ್ಮ ಮನ್ಯಾಕಿ ಬೀಬಿಜಾನಂದು ಎದಿ ಆಪರೇಶನ್ ಐತಿ ಇವತ್ತ. ರಜಾ ಕೇಳಿದ್ರ, ಇವನ ಮನಸು ಸರಿ ಇಲ್ಲ ಅಂತ ಗಾಡಿನ ಬಿಡಿಸಿದ್ರ? ಅಂಜಿ ಬಂದೆ. ಮಗಳು ಒಬ್ಬಾಕಿನ ಕುಂತಾಳ ದವಾಖಾನ್ಯಾಗ."

"ಆಪರೇಶನ್ ಕಾಕಿ ಎದಿಗಲ್ಲ, ನಿನ್ನ ತೆಲಿಗಿ ಮಾಡಸಬೇಕು!" ಎನ್ನುತ್ತ ರೇಣವ್ವ ಕಣ್ಣೊರೆಸಿಕೊಂಡಳು.

ಕಂಬ ಹಸಿರಾದ ಮೇಲೆ ಗಾಡಿ ಹೊರಟಿತು; ಮುಂದಿನ ಸ್ಟೇಶನ್ ಅಣ್ಣಿಗೇರಿಯಲ್ಲಿ ಬದಲಿ ಚಾಲಕ ಹತ್ತಿದ. ಏನೂ ಕೇಳದೆ ತನ್ನ ಚಹಾವನ್ನು ಮಾಬುಸಾಬನ ಕೈಗಿತ್ತು, ಹುಬ್ಬಳ್ಳಿಗೆ ಮರಳುವ ಗಾಡಿ ತೋರಿಸಿದ. ದವಾಖಾನೆಯಲ್ಲಿ ಆಪರೇಶನ್ನಿಗೆ ಒಳಗೆ ಕರೆದೊಯ್ಯುವ ಮುಂಚೆ ಬೀಬಿಜಾನ್ ಗಂಡನ ಮುಖ ಕಂಡಳು. "ಗಾಡಿ ಯಾರ ಕೈಯಾಗ ಕೊಟ್ಟು ಬಂದ್ರೀ?" ಎಂದೇ ಮೊದಲು ಕೇಳಿದಳು. ಅವಳು ಉಳಿದಳು.

ಆಮೇಲೆ ರೇಣವ್ವ ಒಂದು ರೂಢಿ ಹಿಡಿದಳು. ಎಂಜಿನ್ ಹತ್ತುವ ಮುಂಚೆ ಜೊತೆಗಾರನನ್ನು ಕೇಳುವುದು: "ಮನ್ಯಾಗ ಹಸಿರೋ, ಹಳದಿಯೋ?" ಹಳದಿ ಎಂದವನನ್ನು ಯಾರೂ ಕೆಂಗಣ್ಣಿನಿಂದ ನೋಡಲಿಲ್ಲ, ಅವನ ಜಾಗಕ್ಕೆ ಬದಲಿ ಚಾಲಕನೊಬ್ಬ ಬರುತ್ತಿದ್ದ. ಆ ಮಾತು ಸ್ಟೇಶನ್ನಿನಿಂದ ಸ್ಟೇಶನ್ನಿಗೆ ಹರಡಿತು. ಕೂಗುಗಿವಿ ಟಿಣ್ ಎನ್ನುವುದೇ ಅಪರೂಪವಾಯಿತು.

ಗಿರಿಜಾ ಬಂದು ನೋಡಿ ನಕ್ಕಳು. "ಇಷ್ಟು ಕೇಳಾಕ ಯಂತ್ರ ಬೇಕಾಗಿದ್ದಿಲ್ಲ ನೋಡ್ರೀ. ನಮ್ಮ ಮುತ್ತ್ಯಾನ ಕಾಲದಾಗೂ ಕೇಳಬಹುದಿತ್ತು."

ಮರುವರ್ಷದ ಮಾಗಿಯಲ್ಲಿ ಮಾಬುಸಾಬನ ನೌಕರಿ ಮುಗಿಯಿತು. ಡಬ್ಬಿಗೆ ಕೈಮುಗಿದು, ರೇಣವ್ವನ ತಲೆ ಸವರಿ ಎಂಜಿನ್ನಿನಿಂದ ಇಳಿದ. ಪ್ಲಾಟ್‌ಫಾರ್ಮಿನಲ್ಲಿ ಬೀಬಿಜಾನ್ ನಿಂತಿದ್ದಳು. ಅವನು ಕಣ್ತುಂಬ ನೋಡಿದ, ಎವೆಯಿಕ್ಕುವಷ್ಟು ತಡೆದ, ಆಮೇಲೆ ಕೂಗಿದ: "ಹಳದಿ!"

ಅವಳ ಸೀರೆ ಹಳದಿಯೇ ಇತ್ತು. ಇಬ್ಬರೂ ಮನೆಗೆ ಹೋದರು.